ಎರಡನೇ ಪಿಯಾನೊ

ನನ್ನ ನಾದಿನಿ ದೊಡ್ಡ ಕಲಾವಿದೆಯೇನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಿಯಾನೊ ನುಡಿಸುವವರ ವಿಷಯ ಎತ್ತಿದರೆ ಸಾಕು, ಕೇಳುವವರು ಹೂಗುಚ್ಛ, ಚಪ್ಪಾಳೆ, ವಿಮಾನ ಅಂತ ಕಣ್ಣರಳಿಸಿ ಕೂತುಬಿಡುತ್ತಾರೆ. ಇವಳ ಹೆಸರು ಪೋಸ್ಟರಿನಲ್ಲಿ ಬರುತ್ತಿದ್ದದ್ದು ಕೆಳಗಡೆ, ಸಣ್ಣ ಅಕ್ಷರದಲ್ಲಿ, ಟಿಕೆಟ್ ಎಲ್ಲಿ ಸಿಗುತ್ತದೆ ಎಂಬ ಸಾಲಿಗಿಂತ ಸ್ವಲ್ಪವೇ ಮೇಲೆ. ಹನ್ನೆರಡು ವರ್ಷ ಊರೂರು ಸುತ್ತಿ ಕಛೇರಿ ಮಾಡಿದಳು, ಮೂವತ್ತೊಂದು ವರ್ಷ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದಳು. ಮನೆಯಲ್ಲಿ ನಾವೆಲ್ಲ ಕರೆಯುವುದು ಪುಟ್ಟಿ ಅಂತ. ಈಗ ಅರವತ್ತು ತುಂಬಿದೆ, ಮೆಟ್ಟಿಲು ಹತ್ತಿದರೆ ಮೊಣಕಾಲು ಲಟಲಟ ಅನ್ನುತ್ತದೆ, ಆದರೂ ಪುಟ್ಟಿಯೇ.

ನಾನು ಪಿಯಾನೊ ಶ್ರುತಿ ಮಾಡುವವನು. ಇನ್ನೂರಕ್ಕೂ ಹೆಚ್ಚು ತಂತಿಗಳನ್ನು ಒಂದೊಂದಾಗಿ ಬಿಗಿದು, ಸಡಿಲಿಸಿ, ಕಿವಿ ಒಪ್ಪುವವರೆಗೆ ಬೆನ್ನು ಬಗ್ಗಿಸಿ ನಿಲ್ಲುವ ಕೆಲಸ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಅವರ ಮನೆಗೆ ಮೊದಲ ಸಲ ಹೋದೆ. ಅವರಪ್ಪ ಗಡಿಯಾರ ರಿಪೇರಿ ಮಾಡುವವರು. ಮುಚ್ಚಿಹೋದ ಯಾವುದೋ ಹೋಟೆಲಿನಿಂದ ಹಳೆಯ ಪಿಯಾನೊ ಒಂದನ್ನು ತಂದಿದ್ದರು. ಅದು ಬಾಗಿಲಲ್ಲಿ ಹಿಡಿಸದೆ, ಕಿಟಕಿಯ ಚೌಕಟ್ಟು ಕಿತ್ತು ಒಳಗೆ ತೂರಿಸಿದ್ದರು. ನಾನು ಮೂರು ಗಂಟೆ ಬೆವರು ಸುರಿಸಿ, ಆಯಿತಪ್ಪಾ ಅಂತ ಶ್ರುತಿ ಕೀಲಿಯನ್ನು ಚೀಲಕ್ಕೆ ಹಾಕುವಾಗ, ಜಡೆಯ ತುದಿ ಕಚ್ಚುತ್ತ ನಿಂತಿದ್ದ ಹದಿನಾಲ್ಕರ ಹುಡುಗಿ, "ಅಣ್ಣಾ, ಎಡಗಡೆ ಅದೊಂದು ಇನ್ನೂ ಒಂಚೂರು ಕೆಳಗಿದೆ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಯಾವುದಮ್ಮಾ?" ಅಂತ ಹಲ್ಲು ಕಚ್ಚಿಕೊಂಡು ಕೇಳಿದೆ. ಬಂದು ಒತ್ತಿ ತೋರಿಸಿದಳು. ಕಿವಿಗೊಟ್ಟೆ. ಅವಳು ಹೇಳಿದ್ದು ಸರಿಯಾಗಿತ್ತು. ಪಕ್ಕದ ಕೋಣೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಅವಳ ಅಕ್ಕ ಕಿಸಕ್ಕನೆ ನಕ್ಕಳು. ಆ ನಗುವಿಗೆ ಉತ್ತರ ಕೊಡಬೇಕು ಅಂತಲೇ ಆ ಮನೆಗೆ ಮತ್ತೆ ಮತ್ತೆ ಹೋದೆ, ಪಿಯಾನೊ ಸರಿಯಾಗಿಯೇ ಇದ್ದಾಗಲೂ ಹೋದೆ. ಎರಡು ವರ್ಷದಲ್ಲಿ ಆ ಮನೆಗೆ ಅಳಿಯನಾದೆ. ಪುಟ್ಟಿಯ ಬಾಯಲ್ಲಿ ಅಣ್ಣ ಹೋಗಿ ಭಾವ ಆದೆ.

ಅವಳ ಕೈ ಚಿಕ್ಕದು. ಪಿಯಾನೊ ನುಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ಬೇರೆಯವರು ಸಲೀಸಾಗಿ ಹತ್ತು ಕೀ ದಾಟುವ ಕಡೆ ಇವಳಿಗೆ ಎಂಟು ಮುಟ್ಟುವುದರೊಳಗೆ ಸಾಕುಸಾಕಾಗುತ್ತಿತ್ತು. ಅದಕ್ಕೇ ಮೊದಲ ವರ್ಷಗಳಲ್ಲಿ ದಿನಕ್ಕೆ ಆರೇಳು ಗಂಟೆ ಕೂತು, ಎಡಗೈಯ ಸ್ವರವನ್ನು ಬಲಗೈಗೆ ದಾಟಿಸುವ, ಬೆರಳಿನ ಕೆಳಗೆ ಬೆರಳು ತೂರಿಸುವ ಏನೇನೋ ಉಪಾಯ ಕಂಡುಕೊಂಡಳು. ಕಛೇರಿಗೆ ಹೋದ ಕಡೆಯೆಲ್ಲ ಪಿಯಾನೊ ಒಂದೊಂದು ಅವತಾರದಲ್ಲಿರುತ್ತಿತ್ತು. ಒಂದರಲ್ಲಿ ಪೆಡಲು ಕೀಚಲು, ಇನ್ನೊಂದರಲ್ಲಿ ಮೂರು ಕೀ ಮೂಕ. ಹೇಗೋ ನುಡಿಸಿ ಬರುತ್ತಿದ್ದಳು. ಮರುದಿನ ಪತ್ರಿಕೆಯಲ್ಲಿ ಯಾವಾಗಲೂ ಅದೇ ಪದ: ಅಚ್ಚುಕಟ್ಟಾದ ವಾದನ.

"ಅಚ್ಚುಕಟ್ಟು ಅನ್ನೋದು ಅಡುಗೆಮನೆಗೆ ಹೇಳೋ ಮಾತು ಭಾವ" ಅಂತ ಒಂದು ದಿನ ಪತ್ರಿಕೆಯನ್ನು ಮೇಜಿನ ಮೇಲೆ ಬಿಸಾಡಿದಳು. "ಬೈದಿದ್ರೂ ಖುಷಿ ಆಗ್ತಿತ್ತು."

ಅವಳ ಹಣೆಬರಹ ಬದಲಾದದ್ದು ತಾನು ಮುಂದೆ ಕೂತು ನುಡಿಸಿದ್ದರಿಂದಲ್ಲ, ಬೇರೆಯವರ ಜೊತೆಗೆ ನುಡಿಸಿದ್ದರಿಂದ. ಆ ಕಾಲದ ಹೆಸರುವಾಸಿ ಪಿಟೀಲುವಾದಕರೊಬ್ಬರಿಗೆ ಜೊತೆಗಾರ್ತಿಯಾಗಿ ಹೋಗಿದ್ದಳು. ಮಹಾಶಯರು ಕಣ್ಣು ಮುಚ್ಚಿ ಮೈಮರೆತು ನುಡಿಸುತ್ತ ಒಂದಿಡೀ ಪುಟವನ್ನೇ ನುಂಗಿಬಿಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ್ಟಿ ಅವರು ಹಾರಿದಲ್ಲಿಗೇ ಹಾರಿದಳು. ಅವರಿಗೆ ತಾವು ತಪ್ಪಿದ್ದೇ ಗೊತ್ತಾಗಲಿಲ್ಲ, ಹೂಗುಚ್ಛ ತೆಗೆದುಕೊಂಡು ಮನೆಗೆ ಹೋದರು. ಆದರೆ ಮೂರನೇ ಸಾಲಿನಲ್ಲಿ ಒಬ್ಬ ವಯಸ್ಸಾದ ಪ್ರಾಧ್ಯಾಪಕರು ಸಂಗೀತದ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಕೂತಿದ್ದರು. ಮುಂದಿನ ವಾರವೇ ವಿಶ್ವವಿದ್ಯಾಲಯದಿಂದ ಕರೆ ಬಂತು.

ಅಲ್ಲಿಂದ ಅವಳ ಲೋಕ ಮೂರನೇ ಮಹಡಿಯ ಒಂದು ಕೋಣೆ. ಅಕ್ಕಪಕ್ಕ ನಿಂತ ಎರಡು ದೊಡ್ಡ ಪಿಯಾನೊ, ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ಜಾಗ, ಸವೆದು ದಾರ ಎದ್ದ ಜಮಖಾನ, ಕಿಟಕಿಯಾಚೆ ಸೈಕಲ್ ನಿಲ್ಲಿಸುವ ಅಂಗಳ. ಕಿಟಕಿ ಕಡೆಯದು ವಿದ್ಯಾರ್ಥಿಯದು, ಗೋಡೆ ಕಡೆಯದು ಅವಳದು. ಅವೆರಡನ್ನೂ ಶ್ರುತಿ ಮಾಡುವ ಕೆಲಸ ಗುತ್ತಿಗೆಯ ಮೇಲೆ ನನ್ನ ಪಾಲಿಗೆ ಬಂತು. ವಶೀಲಿ ಅಂದವರಿದ್ದಾರೆ. ಅನ್ನಲಿ, ಕಿವಿಯಿದ್ದವರು ಬಂದು ಕೇಳಿ ನೋಡಲಿ.

ಎರಡು ಪಿಯಾನೊ ಯಾಕೆ ಅಂತ ಹೇಳಬೇಕು. ಕಾನ್ಸರ್ಟೊ ಅಂತ ಒಂದು ಬಗೆಯ ಕೃತಿಯಿದೆ. ಅದರಲ್ಲಿ ಒಂದು ಪಿಯಾನೊ ಒಂದು ಕಡೆ, ನಲವತ್ತೈವತ್ತು ಜನರ ವಾದ್ಯವೃಂದ ಇನ್ನೊಂದು ಕಡೆ. ಪರೀಕ್ಷೆಗೆ ಅಷ್ಟು ಜನರನ್ನು ಎಲ್ಲಿಂದ ತರುವುದು? ಅದಕ್ಕೆ ವಾದ್ಯವೃಂದದ ಪಾಲನ್ನು ಎರಡನೇ ಪಿಯಾನೊದಲ್ಲಿ ಟೀಚರೇ ನುಡಿಸುತ್ತಾರೆ. ಪುಟ್ಟಿ ಇದರಲ್ಲಿ ಪಳಗಿದ ಕೈ. ವಿದ್ಯಾರ್ಥಿ ಹೆದರಿ ಎರಡು ಸಾಲು ಬಿಟ್ಟರೆ ಇವಳೂ ಬಿಡುತ್ತಿದ್ದಳು, ಓಡಿದರೆ ಓಡುತ್ತಿದ್ದಳು, ನಿಂತೇಬಿಟ್ಟರೆ ಮುಂದಿನ ಸ್ವರವನ್ನು ಮೆಲ್ಲಗೆ ಕಿವಿಯಲ್ಲಿ ಹೇಳಿದ ಹಾಗೆ ನುಡಿಸಿ ಕೈಹಿಡಿದು ಎಬ್ಬಿಸುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಹೀಗೆ ಎಷ್ಟು ಜನರ ಮಾನ ಉಳಿಸಿದಳೋ ಲೆಕ್ಕವಿಲ್ಲ. ಈಗ ವಿಭಾಗದ ಮುಖ್ಯಸ್ಥನಾಗಿ ಟೈ ಕಟ್ಟಿಕೊಂಡು ಓಡಾಡುವ ಮನುಷ್ಯನೂ ಅವರಲ್ಲೊಬ್ಬ. ಇಡೀ ವಿಭಾಗದಲ್ಲಿ ಅವಳಿಗೆ ಬಿದ್ದ ಹೆಸರು 'ಹಿಡಿಯೋ ಮೇಡಂ'.

ಆ ಹೆಸರಿನಿಂದ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ. ಎರಡನೇ ಪಿಯಾನೊಗೆ ಕೂತಾಗ ಪುಸ್ತಕವನ್ನೇ ಬಿಚ್ಚುತ್ತಿರಲಿಲ್ಲ. ಎಲ್ಲ ಬಾಯಿಪಾಠ, ಅಲ್ಲ, ಕೈಪಾಠ. "ಪುಸ್ತಕ ನೋಡ್ತಾ ಕೂತ್ರೆ ಮಗೂನ ಯಾರು ನೋಡ್ತಾರೆ?" ಅನ್ನುತ್ತಿದ್ದಳು.

ಇನ್ನೊಂದು ಪದ್ಧತಿಯನ್ನೂ ಇಟ್ಟುಕೊಂಡಿದ್ದಳು, ಅದು ಬೇರೆ ಯಾವ ಟೀಚರ ಬಳಿಯೂ ನಾನು ಕಂಡದ್ದಲ್ಲ. ಗುರುವಾರದ ಪಾಠದಲ್ಲಿ ಬೇಕೆಂತಲೇ ತಪ್ಪು ದಾರಿ ಹಿಡಿಯುವಳು. ವಿದ್ಯಾರ್ಥಿ ನಿಲ್ಲಿಸುವಂತಿಲ್ಲ, ಮುಖ ಕಿವಿಚುವಂತಿಲ್ಲ. ಮೇಡಂ ಹೋದಲ್ಲಿಗೆ ಹೋಗಿ, ಅಲ್ಲಿಂದ ಹೇಗಾದರೂ ಸರಿದಾರಿಗೆ ಕರೆತರಬೇಕು. ಹುಡುಗರು ಈ ಪಾಠಕ್ಕೆ ಹೆದರಿ ನಡುಗುತ್ತಿದ್ದರು, ಗುರುವಾರ ಬಂತೆಂದರೆ ಅರ್ಧ ಜನಕ್ಕೆ ತಲೆನೋವು, ಇನ್ನರ್ಧ ಜನಕ್ಕೆ ಜ್ವರ.

ಹೆದರದವಳು ಒಬ್ಬಳೇ. ನಾನು ಅವಳನ್ನು ಕರೆಯುತ್ತಿದ್ದದ್ದು 'ಮೊದಲ ಬಸ್ಸು' ಅಂತ. ಅವಳಪ್ಪ ಬಸ್ ಡ್ರೈವರು. ಬೆಳಗಿನ ಮೊದಲ ಬಸ್ಸನ್ನು ಡಿಪೋದಿಂದ ತೆಗೆಯುವಾಗ ಮಗಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದು, ವಿಶ್ವವಿದ್ಯಾಲಯದ ಗೇಟಿನಲ್ಲಿ ಇಳಿಸಿ ಹೋಗುತ್ತಿದ್ದ. ಮನೆಯಲ್ಲಿ ಪಿಯಾನೊ ಇರಲಿಲ್ಲ. ಆರು ಗಂಟೆಗೆ ನಾನು ಚೀಲ ಹಿಡಿದು ಬರುವಷ್ಟರಲ್ಲಿ ಅಭ್ಯಾಸದ ಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. "ತಾತ, ಇವತ್ತು ಯಾವ ಪಿಯಾನೊ ಚೆನ್ನಾಗಿದೆ?" ಅಂತ ಕೇಳುವಳು. ನಾಲ್ಕು ವರ್ಷ ಒಂದು ದಿನವೂ ತಪ್ಪದೆ ಬಂದವಳು. ನನ್ನ ಮೊಮ್ಮಕ್ಕಳ ಮೇಲಿರುವಷ್ಟೇ ಪ್ರೀತಿ ಅವಳ ಮೇಲೂ ಇತ್ತು ಅಂದರೆ ಮೊಮ್ಮಕ್ಕಳು ಬೇಜಾರು ಮಾಡಿಕೊಳ್ಳಬಾರದು.

ಈ ಸಲದ ಕೊನೆಯ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವರಿಗೆ ಮುಂದಿನ ಎರಡು ವರ್ಷದ ವಾದನದ ಕೋರ್ಸಿಗೆ ಪ್ರವೇಶ. ಇದ್ದದ್ದು ಒಂದೇ ಸೀಟು. ಸಿಗದಿದ್ದರೆ ಹುಡುಗಿ ಪಿಯಾನೊ ಮುಚ್ಚಿ, ಅಪ್ಪ ಹೇಳಿಟ್ಟಿದ್ದ ಡಿಪೋದ ಕೌಂಟರ್ ಕೆಲಸಕ್ಕೆ ಹೋಗಬೇಕು. ಪುಟ್ಟಿಯ ಕಥೆಯೂ ಅದೇ ದಿನಕ್ಕೆ ಗಂಟುಬಿದ್ದಿತ್ತು. ಅರವತ್ತಕ್ಕೆ ನಿವೃತ್ತಿ. ಎರಡು ವರ್ಷ ಮುಂದುವರಿಸುವ ಪತ್ರ ಮುಖ್ಯಸ್ಥನ ಮೇಜಿನ ಮೇಲಿತ್ತು, ಹೊರಗಿನಿಂದ ಬರುವ ಪರೀಕ್ಷಕಿ ಅದಕ್ಕೆ ಒಂದು ಮಾತು ಬರೆಯಬೇಕಿತ್ತು. "ಪಾಠ ಬಿಟ್ರೆ ನಂಗೆ ಬೇರೆ ಏನ್ ಬರುತ್ತೆ ಅಕ್ಕಾ?" ಅಂತ ಹಿಂದಿನ ದಿನ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳು. ನಮ್ಮ ಮನೆಯ ಮೇಲಿನ ಮಹಡಿಯಲ್ಲೇ ಅವಳ ವಾಸ. ಮದುವೆ ಗಿದುವೆ ಅಂತ ತಲೆಕೆಡಿಸಿಕೊಂಡವಳಲ್ಲ.

ಪರೀಕ್ಷೆಯ ದಿನ ನಾನು ಸಭಾಂಗಣದ ವೇದಿಕೆಯ ಮೇಲೆ, ಎರಡನೇ ಪಿಯಾನೊಗೆ ಕೂತ ಪುಟ್ಟಿಯ ಬೆನ್ನ ಹಿಂದೆ, ಎಡಕ್ಕೆ, ತಂತಿಗಿಂತಿ ಹರಿದರೆ ಇರಲಿ ಅಂತ ಚೀಲ ಇಟ್ಟುಕೊಂಡು ಕೂತಿದ್ದೆ. ಕೆಳಗೆ ಉದ್ದನೆಯ ಮೇಜು, ಮುಖ್ಯಸ್ಥನೂ ಸೇರಿ ಮೂವರು ಪರೀಕ್ಷಕರು, ನೀರಿನ ಜಗ್ಗು. ಮಧ್ಯದಲ್ಲಿ ಹೊರಗಿನ ಪರೀಕ್ಷಕಿ, ಎಪ್ಪತ್ತು ದಾಟಿದ ಹೆಂಗಸು, ನಗುವುದನ್ನು ಯಾವುದೋ ಕಾಲದಲ್ಲಿ ಮರೆತವರಂತೆ ಕೂತಿದ್ದರು. ಬೆಳಿಗ್ಗೆ ಬೇರೆ ಟೀಚರ ವಿದ್ಯಾರ್ಥಿಯೊಬ್ಬ ಒಂದೂ ತಪ್ಪಿಲ್ಲದೆ ನುಡಿಸಿ ಹೋಗಿದ್ದ. ಹನ್ನೊಂದೂವರೆಗೆ ನಮ್ಮ ಮೊದಲ ಬಸ್ಸಿನ ಸರದಿ.

ಅವಳು ಆರಿಸಿದ್ದ ಕಾನ್ಸರ್ಟೊದಲ್ಲಿ ಒಂದು ಧಾಟಿ ಎರಡು ಸಲ ಬರುತ್ತದೆ. ಮೊದಲ ಸಲ ಅದರ ಕೊನೆಯಲ್ಲಿ ಒಂದು ತಿರುವು, ಎರಡನೇ ಸಲ ಅದೇ ಜಾಗದಲ್ಲಿ ಇನ್ನೊಂದು ತಿರುವು. ಒಂದೇ ಥರ ಕಾಣುವ ಎರಡು ಬೀದಿಮೂಲೆಗಳಿದ್ದ ಹಾಗೆ. ಎರಡನೇ ಸಲವೂ ಮೊದಲಿನ ತಿರುವು ಹಿಡಿದರೆ ಕೆಟ್ಟೆವು, ನುಡಿಸಿ ಮುಗಿಸಿದ್ದನ್ನೇ ಮತ್ತೆ ನುಡಿಸುತ್ತ ಸುತ್ತಬೇಕು. ಪಿಯಾನೊದವರು ಕನಸಿನಲ್ಲಿ ಬೆಚ್ಚಿಬೀಳುವುದು ಇದಕ್ಕೇ.

ಹುಡುಗಿ ಚೆನ್ನಾಗಿ ನುಡಿಸುತ್ತಿದ್ದಳು. ಎಷ್ಟು ಚೆನ್ನಾಗಿ ಎಂದರೆ ನಾನು ತಂತಿಗಳ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದೆ. ಎರಡನೇ ಸಲದ ಮೂಲೆ ಬಂತು. ಇಬ್ಬರೂ ಒಟ್ಟಿಗೆ ನುಡಿಸುವ ಜಾಗ ಅದು. ನನ್ನ ಮುಂದೆಯೇ, ಒಂದು ಮೊಳ ದೂರದಲ್ಲಿ, ಪುಟ್ಟಿಯ ಎಡಗೈ ಮೊದಲಿನ ತಿರುವಿಗೆ ಇಳಿಯಿತು.

ಅರ್ಧ ತಾಳವೂ ಕಳೆದಿರಲಿಲ್ಲ, ಹುಡುಗಿ ಅವಳ ಹಿಂದೆಯೇ ತಿರುಗಿದಳು. ತಿರುಗಿ, ಆ ತಪ್ಪು ಬೀದಿಯಲ್ಲೇ ಹತ್ತು ಹನ್ನೆರಡು ಅಳತೆ, ಅಂದರೆ ಅಷ್ಟು ತಾಳದ ಸುತ್ತು, ನಡೆದು, ಆಮೇಲೆ ಪುಸ್ತಕದಲ್ಲಿ ಎಲ್ಲೂ ಇಲ್ಲದ ನಾಲ್ಕು ಅಳತೆಯ ಸೇತುವೆಯೊಂದನ್ನು ತನ್ನ ಬಲಗೈಯಲ್ಲೇ ಕಟ್ಟಿ, ಪುಟ್ಟಿಯನ್ನೂ ಜೊತೆಗೆಳೆದುಕೊಂಡು ಸರಿಯಾದ ಜಾಗಕ್ಕೆ ಬಂದಳು. ಅಲ್ಲಿಂದ ಕೊನೆಯವರೆಗೆ ಎಲ್ಲವೂ ಸಲೀಸು.

ಪರೀಕ್ಷಕರು ತಲೆತಗ್ಗಿಸಿ ಬರೆಯುತ್ತಿದ್ದವರು ಆ ಸೇತುವೆಯ ಹೊತ್ತಿಗೆ ತಲೆಯೆತ್ತಿದ್ದರು. ಕಂಡದ್ದು ಇಷ್ಟೇ: ಇಬ್ಬರೂ ಎಲ್ಲೋ ದಾರಿ ತಪ್ಪಿದ್ದಾರೆ, ಹೇಗೋ ವಾಪಸ್ಸು ಬಂದಿದ್ದಾರೆ. ಹಿಡಿಯೋ ಮೇಡಂ ಅಲ್ಲಿರುವಾಗ ತಪ್ಪಿದ್ದು ಯಾರು, ಹಿಡಿದದ್ದು ಯಾರು ಅಂತ ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ.

ಮುಖ್ಯಸ್ಥ ವೇದಿಕೆಯ ಹತ್ತಿರ ಬಂದು, "ಮತ್ತೆ ಹಿಡಿದ್ರಲ್ಲ ಮೇಡಂ!" ಅಂದ.

"ಪಾಪ, ಮಗು ಒಂದು ಕ್ಷಣ ತಪ್ಪಿಬಿಡ್ತು" ಅಂದಳು ಪುಟ್ಟಿ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಹುಡುಗಿಯ ಬೆನ್ನು ಸವರಿ, "ಪರವಾಗಿಲ್ಲ ಬಿಡೇ, ಯಾರಿಗೂ ಆಗುತ್ತೆ" ಅಂದಳು.

"ಹೌದು ಮೇಡಂ. ಸಾರಿ" ಅಂದಳು ಹುಡುಗಿ.

ನಾನು ಅವಳನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದೆ. "ಏನೇ ಇದು? ತಪ್ಪಿದ್ದು ಯಾರು ಅಂತ ನಿಂಗೊತ್ತು, ನಂಗೂ ಗೊತ್ತು. ಬಾಯಿಗೆ ಬೀಗ ಯಾಕೆ?"

"ತಾತ, ನಿಮ್ಮ ದಮ್ಮಯ್ಯ, ಸುಮ್ನಿರಿ. ಮೇಡಂಗೆ ಗೊತ್ತಾದ್ರೆ ಮತ್ತೆ ಆ ಪಿಯಾನೊ ಮುಟ್ಟಲ್ಲ ಅವ್ರು."

"ಮತ್ತೆ ನಿನ್ ಸೀಟು?"

ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಕಣ್ಣು ತುಂಬಿತ್ತು. "ಕೌಂಟರ್ ಕೆಲಸಾನೂ ಕೆಲಸಾನೇ ತಾತ" ಅಂದು ಮೆಟ್ಟಿಲಿಳಿದು ಹೋದಳು.

ನನ್ನ ಪರಿಸ್ಥಿತಿ ಅತ್ತ ದರಿ, ಇತ್ತ ಪುಲಿ. ಊಟ ಮುಗಿಸಿ ಎರಡು ಗಂಟೆಗೆ ಪರೀಕ್ಷಕರು ಅಂಕ ಹಾಕಲು ಕೂರುತ್ತಾರೆ. ಹೇಳಿದರೆ ನಾದಿನಿಯ ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲು, ಪತ್ರವೂ ಹೋಯಿತು. ಹೇಳದಿದ್ದರೆ ಆ ಮಗುವಿನ ಬಾಳು. ಮನೆಗೆ ಫೋನ್ ಮಾಡಿದೆ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು.

"ಇಷ್ಟೊತ್ತಿಗೆ ಹೇಳಿರ್ತೀರಿ ಅಂದ್ಕೊಂಡೆ" ಅಂದಳು.

"ಅವಳು ನಿನ್ನ ತಂಗಿ ಕಣೇ."

"ಅದಕ್ಕೇ ಹೇಳ್ತಿದೀನಿ. ನಾಳೆ ನಾಡಿದ್ದು ಅವಳಿಗೇ ಗೊತ್ತಾಗುತ್ತೆ. ಆಗ ಆ ಹುಡುಗಿ ಕೌಂಟರಿನಲ್ಲಿ ಕೂತಿರ್ತಾಳೆ. ಅದನ್ನ ಪುಟ್ಟಿ ತಡ್ಕೋತಾಳಾ? ನೀವು ಹೇಳದಿದ್ರೆ ಆಟೋ ಹತ್ತಿ ನಾನೇ ಬರ್ತೀನಿ."

ಮೂರನೇ ಮಹಡಿಗೆ ಹೋದೆ. ಪುಟ್ಟಿ ಕಿಟಕಿಯ ಬಳಿ ನಿಂತು ಊಟದ ಡಬ್ಬಿ ತೆರೆಯುತ್ತಿದ್ದಳು. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. "ತಪ್ಪಿದ್ದು ಅವಳಲ್ಲ ಪುಟ್ಟಿ, ನೀನು" ಅಂದೆ.

ಅವಳ ಮುಖ ಕೆಂಪೇರಿತು. "ಭಾವ, ತಂತಿ ಬಿಗಿಯೋರು ನೀವು. ಆ ಕಾನ್ಸರ್ಟೊನ ನಾನು ನೂರು ಸಲ ನುಡ್ಸಿದೀನಿ."

"ಅದಕ್ಕೇ ತಪ್ಪಿದ್ದು."

"ನಾನು ಹಿಡಿದೆ! ಮಗು ಆ ಕಡೆ ತಿರುಗ್ತು, ನಾನು ಹಿಂದೆ ಹೋಗಿ ಹಿಡಿದೆ!"

ಅವಳು ಡಬ್ಬಿಯನ್ನು ಕುಕ್ಕಿಟ್ಟು, ನನಗೆ ಬುದ್ಧಿ ಕಲಿಸುವವಳಂತೆ ಪಿಯಾನೊದ ಮುಂದೆ ಕೂತು, ಎರಡನೇ ಸಲದ ಧಾಟಿಯನ್ನು ಮೊದಲಿಂದ ತೆಗೆದಳು. ಒಬ್ಬಳೇ ನುಡಿಸಿದಳು. ಮೂಲೆ ಬಂತು. ಅವಳ ಎಡಗೈ ಮತ್ತೆ ಅದೇ ತಪ್ಪು ತಿರುವಿಗೆ ಇಳಿಯಿತು.

ಕೈ ಅಲ್ಲೇ ನಿಂತಿತು. ಆ ಸ್ವರಗಳು ಕರಗುವವರೆಗೂ ಅವಳು ಬೆರಳೆತ್ತಲಿಲ್ಲ. ಮತ್ತೊಮ್ಮೆ ನುಡಿಸಿದಳು, ಈ ಸಲ ನಿಧಾನವಾಗಿ, ಸರಿಯಾದ ಕಡೆಗೆ. ಆಮೇಲೆ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಳು. ಅವಳಿಗೆ ಎಷ್ಟು ನೋವಾಗಿದೆ ಅಂತ ನೋಡಿದರೆ ಗೊತ್ತಾಗುತ್ತಿತ್ತು. ನನಗೂ ಯಾಕಾದರೂ ಹೇಳಿದೆನೋ ಅನ್ನಿಸಿತು.

"ಅವಳು 'ಸಾರಿ' ಅಂದ್ಲು ಭಾವ" ಅಂದಳು ಕೊನೆಗೆ. "ನಾನು ಅವಳ ಬೆನ್ನು ಸವರಿ, ಪರವಾಗಿಲ್ಲ ಅಂದೆ." ಎದ್ದಳು. "ಗಂಟೆ ಎಷ್ಟಾಯ್ತು?"

ಎರಡಕ್ಕೆ ಐದು ನಿಮಿಷವಿತ್ತು. ಊಟ ಡಬ್ಬಿಯಲ್ಲೇ ಉಳಿಯಿತು. ಮೊಣಕಾಲು ನೋವಿನವಳು ಮೂರು ಮಹಡಿಯನ್ನು ನನಗಿಂತ ಮೊದಲು ಇಳಿದಳು.

ಪರೀಕ್ಷಕರ ಕೋಣೆಯಲ್ಲಿ ನಿಂತು, ತಪ್ಪು ತನ್ನದು, ಹುಡುಗಿ ತನ್ನನ್ನು ಕಾಪಾಡಿದ್ದು, ಆ ಲೆಕ್ಕದಲ್ಲಿ ಅಂಕ ಹಾಕಬೇಕು ಅಂತ ನಾಲ್ಕು ಮಾತಿನಲ್ಲಿ ಹೇಳಿದಳು. ಮುಖ್ಯಸ್ಥ ನಸುನಕ್ಕ.

"ಮೇಡಂ, ನೀವು ಬದಲಾಗೋದೇ ಇಲ್ಲ. ನನ್ನನ್ನ ಹಿಡಿದ ಹಾಗೇ ಇವಳನ್ನೂ ಹಿಡಿಯೋಕೆ ಬಂದಿದೀರಿ."

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ತಪ್ಪೊಪ್ಪಿಕೊಳ್ಳುತ್ತಿದ್ದಾಳೆ, ನಂಬುವವರೇ ಇಲ್ಲ! ನನಗೆ ರೇಗಿಹೋಯಿತು. "ನಾನು ಕಣ್ಣಾರೆ ಕಂಡಿದೀನಿ, ಕಿವಿಯಾರೆ ಕೇಳಿದೀನಿ" ಅಂದೆ.

"ನೀವು ಅವ್ರ ಭಾವ ಅಲ್ವಾ?" ಅಂದ ಆ ಮಹಾನುಭಾವ.

ಹುಡುಗಿಯನ್ನು ಕರೆಸಿದರು. ಅವಳು ಬಂದವಳೇ ನೆಲ ನೋಡುತ್ತ, "ತಪ್ಪು ನಂದೇ ಸರ್. ಮೇಡಂ ಸುಮ್ಸುಮ್ನೆ ಮೈಮೇಲೆ ಎಳ್ಕೋತಿದಾರೆ" ಅಂದಳು. ಪುಟ್ಟಿ ಅವಳನ್ನು ದುರುಗುಟ್ಟಿ ನೋಡಿದಳು. ಇಬ್ಬರೂ ತಪ್ಪು ನಂದು ತಪ್ಪು ನಂದು ಅಂತ ಜಗ್ಗಾಡುವುದನ್ನು ನೋಡಿದರೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದೆ ಕೂತಿದ್ದ ಹೊರಗಿನ ಪರೀಕ್ಷಕಿ ಪೆನ್ನು ಕೆಳಗಿಟ್ಟರು. "ತಪ್ಪು ಯಾರದ್ದೋ ಇರ್ಲಿ. ಪುಸ್ತಕದಲ್ಲಿಲ್ಲದ ಆ ನಾಲ್ಕು ಅಳತೆ ಎಲ್ಲಿಂದ ತಂದೆಯಮ್ಮ? ತುಂಬ ಚೆನ್ನಾಗಿತ್ತು."

ಹೊಗಳಿಕೆ ಕೇಳಿ ಹುಡುಗಿಯ ಮುಖ ಅರಳಿತು. "ಅದಾ ಮೇಡಂ? ಗುರುವಾರ ನಮ್ಮ ಮೇಡಂ ಬೇಕಂತ್ಲೇ ದಾರಿ ತಪ್ತಾರೆ, ನಾವು ಅವ್ರನ್ನ ವಾಪಸ್ ಕರ್ಕೊಂಡ್ ಬರ್ಬೇಕು. ಅದೇ ಥರ ಇವತ್ತೂ ಅವ್ರನ್ನ ಕರ್ಕೊಂಡ್..." ಅಂದವಳು ನಾಲಿಗೆ ಕಚ್ಚಿಕೊಂಡಳು.

ಪರೀಕ್ಷಕಿ ನಗಲಿಲ್ಲ, ಆದರೆ ನಗುವುದು ಹೇಗೆಂದು ನೆನಪಿಸಿಕೊಳ್ಳುತ್ತಿರುವಂತೆ ಕಂಡರು. "ವಾದ್ಯ ಕೆಟ್ಟು ಅಡಚಣೆ ಆದ್ರೆ ಮತ್ತೆ ನುಡ್ಸೋಕೆ ಅವಕಾಶ ಇದೆ ಅಲ್ವಾ ನಿಮ್ಮಲ್ಲಿ?" ಅಂತ ಮುಖ್ಯಸ್ಥನನ್ನು ಕೇಳಿದರು. "ಜೊತೆಗೆ ನುಡ್ಸೋರು ತಪ್ಪಿದ್ರೂ ನನ್ನ ಲೆಕ್ಕದಲ್ಲಿ ಅದೇ. ಫಾರಂ ತರಿಸಿ."

ಆ ಫಾರಮ್ಮಿನಲ್ಲಿ ಶ್ರುತಿ ಮಾಡುವವನ ಸಹಿಗೂ ಒಂದು ಜಾಗವಿದೆ. 'ಎರಡನೇ ಪಿಯಾನೊದಿಂದ ಅಡಚಣೆ' ಅಂತ ಬರೆದು ನನ್ನ ಮುಂದೆ ಇಟ್ಟರು. ಅಲ್ಲಿ ಕೆಲಸ ಮಾಡಿದ ಇಷ್ಟು ವರ್ಷದಲ್ಲಿ ಅಂಥ ಕಾಗದಕ್ಕೆ ನಾನು ಒಂದು ಸಲವೂ ಸಹಿ ಹಾಕಿರಲಿಲ್ಲ, ಅದೇ ನನ್ನ ಹೆಮ್ಮೆ. ಪುಟ್ಟಿ ನನ್ನ ಮುಖ ನೋಡಿದಳು. ಹಾಳಾಗಿ ಹೋಗಲಿ ಅಂತ ಸಹಿ ಗೀಚಿದೆ. ನನ್ನ ಪಿಯಾನೊ ಮಾತ್ರ ಅವತ್ತು ಚೊಕ್ಕವಾಗಿತ್ತು, ಇದನ್ನು ಓದುವವರಿಗಾದರೂ ತಿಳಿದಿರಲಿ.

"ಬೇರೆ ಯಾರಾದ್ರೂ ನುಡ್ಸಲಿ" ಅಂದಳು ಪುಟ್ಟಿ. "ನನ್ನ ಕೈ ಮೇಲೆ ಇವತ್ತು ನಂಗೆ ನಂಬಿಕೆ ಇಲ್ಲ."

"ಮೇಡಂ ನುಡ್ಸಿದ್ರೆ ಮಾತ್ರ ನಾನು ನುಡ್ಸೋದು" ಅಂದಳು ಹುಡುಗಿ. ಅವಳಪ್ಪ ಬಸ್ಸು ನಿಲ್ಲಿಸುವಾಗ ಬ್ರೇಕು ಹೀಗೇ ಹಾಕುತ್ತಾನೇನೋ, ಮುಂದಕ್ಕೆ ಒಂದಿಂಚೂ ಇಲ್ಲ.

ಮೂರು ಗಂಟೆಗೆ ಮತ್ತೆ ವೇದಿಕೆ. ಈ ಸಲ ಪುಟ್ಟಿ ಪುಸ್ತಕ ತಂದಳು. ಕನ್ನಡಕ ಹಾಕಿಕೊಂಡಳು, ಅದನ್ನು ಜನರೆದುರು ಹಾಕಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಪುಟ ತಿರುವಲು ಒಬ್ಬರ ಕೈ ಬೇಕಾಗಿತ್ತು. "ಭಾವ, ಬನ್ನಿ" ಅಂದಳು. ನಾನು ಅವಳ ಎಡಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ಓದಲು ಬರುತ್ತದೆ, ಆದರೆ ಆ ವೇಗದಲ್ಲಿ ಸ್ವರದ ಹಿಂದೆ ಓಡಿ ರೂಢಿಯಿಲ್ಲ. ಎರಡು ಪುಟ ಒಟ್ಟಿಗೆ ತಿರುವಿಬಿಟ್ಟರೆ ಗತಿಯೇನು ಅಂತ ಜೀವ ಬಾಯಿಗೆ ಬಂದಿತ್ತು.

ಶುರುವಾಯಿತು. ಪುಟ್ಟಿಯ ಕಣ್ಣು ಪುಸ್ತಕ ಬಿಟ್ಟು ಕದಲಲಿಲ್ಲ. ಮೊದಲ ಸಲದ ಮೂಲೆ ದಾಟಿತು. ನಾನು ಒಂದೊಂದೇ ಹಾಳೆಯ ಮೂಲೆಯನ್ನು ಚಿವುಟಿ ಹಿಡಿದು ತಿರುವಿದೆ. ಎರಡನೇ ಸಲದ ಧಾಟಿ ಹತ್ತಿರವಾದಾಗ ಪುಟ್ಟಿಯ ಉಸಿರು ನಿಂತದ್ದು ನನಗೆ ಕೇಳಿಸಿತು. ನಾನು ಹುಡುಗಿಯ ಕಡೆ ನೋಡಿದೆ. ಬೆಳಿಗ್ಗೆ ಅಷ್ಟೆಲ್ಲ ಆದವರು ಯಾರೇ ಆಗಲಿ, ಆ ಜಾಗದಲ್ಲಿ ಪಕ್ಕದ ಪಿಯಾನೊದತ್ತ ಒಂದು ಕಣ್ಣು ಹಾಯಿಸುತ್ತಾರೆ, ಕಿವಿಯನ್ನಾದರೂ ಆ ಕಡೆ ಕಾವಲಿಡುತ್ತಾರೆ. ಅವಳು ತಲೆಯೆತ್ತಿ, ಎದುರಿನ ಖಾಲಿ ಗೋಡೆ ನೋಡುತ್ತ, ಸ್ವಲ್ಪ ನಗುತ್ತ ನುಡಿಸುತ್ತಿದ್ದಳು. ಮೂಲೆ ಬಂತು. ಇಬ್ಬರೂ ಸರಿಯಾದ ಕಡೆಗೆ ತಿರುಗಿದರು.

ಐದು ಗಂಟೆಗೆ ಫಲಿತಾಂಶದ ಹಾಳೆಯನ್ನು ನೋಟಿಸ್ ಬೋರ್ಡಿಗೆ ಚುಚ್ಚಿದರು. ಹುಡುಗಿಗೆ ಮೊದಲ ಸ್ಥಾನ. ಅವಳು ಗೇಟಿನ ಕಡೆ ಓಡಿಹೋಗಿ ಅಪ್ಪನ ಬಸ್ಸು ಬರುವುದನ್ನೇ ಕಾದು, ರಸ್ತೆಯಿಂದಲೇ ಕೂಗಿ ಹೇಳಿ ಬಂದಳು. ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹಾಕಿ ನೋಡಿದರಂತೆ.

ಮುಖ್ಯಸ್ಥ ಪತ್ರ ಹಿಡಿದು ಮೂರನೇ ಮಹಡಿಗೆ ಬಂದ. ಹೊರಗಿನ ಪರೀಕ್ಷಕಿ ಅದರ ಕೆಳಗೆ ಒಂದೇ ಸಾಲು ಬರೆದಿದ್ದರು: ತನ್ನನ್ನೇ ಕಾಪಾಡಬಲ್ಲ ಶಿಷ್ಯರನ್ನು ತಯಾರು ಮಾಡುವ ಟೀಚರನ್ನು ಬಿಡಬೇಡಿ. ಪುಟ್ಟಿ ಅದನ್ನು ಎರಡು ಸಲ ಓದಿದಳು. "ಎರಡು ವರ್ಷ ಇರ್ತೀನಿ. ಆದ್ರೆ ಇನ್ಮೇಲೆ ಪುಸ್ತಕ ಇಟ್ಕೊಂಡೇ ನುಡ್ಸೋದು, ಯಾರೂ ನಗಬಾರ್ದು" ಅಂದಳು. ಮುಖ್ಯಸ್ಥ, "ನಗೋ ಧೈರ್ಯ ಯಾರಿಗಿದೆ ಮೇಡಂ" ಅಂದು, ಮಧ್ಯಾಹ್ನದ ಮಾತಿಗೆ ಕ್ಷಮೆ ಕೇಳಿ ಹೋದ. ಒಳ್ಳೆಯ ಮನುಷ್ಯನೇ, ಟೈ ಸ್ವಲ್ಪ ಬಿಗಿ ಅಷ್ಟೆ.

ಹುಡುಗಿ ತನ್ನ ಪುಸ್ತಕಗಳನ್ನು ತೆಗೆದುಕೊಂಡು ಹೋಗಲು ಬಂದಳು. ಪುಟ್ಟಿ ಪಿಯಾನೊದ ಮುಚ್ಚಳ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

"ಆ ಮೂಲೇಲಿ ನನ್ ಕಡೆ ತಿರುಗಿ ಕೂಡ ನೋಡ್ಲಿಲ್ವಲ್ಲೇ ನೀನು. ಬೆಳಿಗ್ಗೆ ಅಷ್ಟಾದ್ಮೇಲೂ ಭಯ ಆಗ್ಲಿಲ್ವಾ?"

"ಭಯ ಯಾಕೆ ಮೇಡಂ?" ಹುಡುಗಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ತಪ್ಪಿದ್ರೂ ಇಬ್ರೂ ಒಟ್ಟಿಗೇ ತಾನೆ ತಪ್ಪೋದು."

ಪುಟ್ಟಿ ಅತ್ತಳು. ಪತ್ರಿಕೆಯವರು ಅಚ್ಚುಕಟ್ಟು ಅಂದಾಗ ಅಳದವಳು, ಮಧ್ಯಾಹ್ನ ತನ್ನ ಕೈ ತನಗೇ ಎರಡು ಬಗೆದಾಗ ಅಳದವಳು, ಆ ಮಗುವನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ನನ್ನ ಕಣ್ಣೂ ಒದ್ದೆಯಾಗಿತ್ತು. ಇಬ್ಬರೂ ಇನ್ನೂ ಊಟ ಮಾಡಿಲ್ಲ ಅಂತ ಹೆಂಡತಿಗೆ ಫೋನ್ ಮಾಡಿ, ಮೂವರಿಗೆ ಅನ್ನಕ್ಕಿಡಲು ಹೇಳಿದೆ.